ಮೇಜಿಗೆ ಹೋಗದ ಟೊರ್ಕಿಲ್

ನನ್ನ ತಮ್ಮ ಟೊರ್ಕಿಲ್‌ನಷ್ಟು ದೇವರಿಗೆ ಹೆದರುವ ಮನುಷ್ಯ ಇಡೀ ಲೂಯಿಸ್ ದ್ವೀಪದಲ್ಲೇ ಇಲ್ಲ ಅಂತ ನಮ್ಮ ಸಭೆಯವರೆಲ್ಲ ಹೇಳುತ್ತಿದ್ದರು. ಹೇಳಿ ಹೇಳಿಯೇ ಅವನನ್ನು ಕೆಡಿಸಿದರು. ಈ ಮಾತನ್ನು ಅಕ್ಕನಾದ ನಾನಲ್ಲದೆ ಇನ್ಯಾರು ಹೇಳಬೇಕು? ಅವನ ಮೂಗು ಒರೆಸಿ ಬೆಳೆಸಿದವಳು ನಾನು, ಎಫಿ.

ನಮ್ಮಲ್ಲಿ ಪ್ರಭುಭೋಜನಕ್ಕೆ ಕರ್ತನ ಮೇಜಿಗೆ ಹೋಗುವುದು ಅಂದರೆ ಹುಡುಗಾಟವಲ್ಲ. ಬೇರೆ ಕಡೆ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ ಅಂದರೆ ಜನ ಸಾಲಾಗಿ ಎದ್ದು ಹೋಗುತ್ತಾರಂತೆ. ಇಲ್ಲಿ ಗುಡಿ ತುಂಬ ಜನ ಇದ್ದರೂ ಮೇಜಿಗೆ ಹೋಗುವವರು ಬೆರಳೆಣಿಕೆಯಷ್ಟು. ಉಳಿದವರು ಒಂದು ಭಾನುವಾರದ ಸಬ್ಬತ್ತೂ ತಪ್ಪಿಸದೆ ಬಂದು, ಹಿಂದಿನ ಬೆಂಚಿನಲ್ಲೇ ಕೂತು, 'ನಾನು ಯೋಗ್ಯನಲ್ಲ' ಅಂತ ಹೇಳಿಕೊಂಡೇ ಮಣ್ಣಾಗುತ್ತಾರೆ. ಅಯೋಗ್ಯನಾಗಿ ತಿಂದವನು ಶಿಕ್ಷೆಯನ್ನೇ ತಿಂದ ಹಾಗೆ ಅನ್ನುವ ಮಾತು ನಮ್ಮವರ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ. ನಾನು ಇಪ್ಪತ್ತೆಂಟಕ್ಕೇ ಮೇಜಿಗೆ ಹೋದೆ. 'ಅಬ್ಬಾ, ಎಂಥ ಧೈರ್ಯ ಇವಳದ್ದು!' ಅಂತ ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಇಟ್ಟುಕೊಳ್ಳಲಿ ಅಂತ ಬಿಟ್ಟೆ. ಹೊಟ್ಟೆ ಹಸಿದವನಿಗೆ ಊಟದ ಮನೆ ಬೇಕೋ ಬೇಡವೋ?

ಟೊರ್ಕಿಲ್ ಮಾತ್ರ ಹೋಗಲಿಲ್ಲ. ತಮಾಷೆ ಏನೆಂದರೆ, ನಮ್ಮನ್ನೆಲ್ಲ ಮೇಜಿಗೆ ಕಳಿಸುತ್ತಿದ್ದವನೇ ಅವನು. ನಮ್ಮ ಗುಡಿಯಲ್ಲಿ ವಾದ್ಯ ಗೀದ್ಯ ಏನೂ ಇಲ್ಲ. ಪೀಠದ ಕೆಳಗಿನ ಚಿಕ್ಕ ಕಟಕಟೆಯಲ್ಲಿ ಕೂತ ಒಬ್ಬ ಕೀರ್ತನೆಯ ಸಾಲನ್ನು ಎತ್ತಿ ಹೇಳುತ್ತಾನೆ, ಸಭೆ ಹಿಂದಿನಿಂದ ಹಾಡುತ್ತದೆ. ಆ ಸಾಲು ಎತ್ತುವವನು ಟೊರ್ಕಿಲ್. ಅವನ ದನಿ ಏರಿದರೆ ಕಲ್ಲಿನಂಥ ಗಂಡಸರೂ ಕರ್ಚೀಫು ಹುಡುಕುತ್ತಿದ್ದರು. ಮೇಜಿಗೆ ಬರದವನು ಅಲ್ಲಿ ಕೂರಬಾರದು ಅಂತ ಕೆಲವರು ಗೊಣಗಿದ್ದುಂಟು. ಆ ದನಿ ಬಿಟ್ಟುಕೊಡುವ ಮನಸ್ಸು ಸಭೆ ನಡೆಸುವ ಹಿರಿಯರಿಗಿರಲಿಲ್ಲ. ಜನ ಎದ್ದು ಮುಂದೆ ಬರುವಷ್ಟು ಹೊತ್ತೂ ಅವನು ಸಾಲು ಎತ್ತುತ್ತಾ ಇರುತ್ತಿದ್ದ, ಹೆದರಿ ಹಿಂದೆಮುಂದೆ ನೋಡುವವರಿಗೆ ಸಮಯ ಸಿಗಲಿ ಅಂತ ಎಳೆದೆಳೆದು ಹಾಡುತ್ತಿದ್ದ. ಎಲ್ಲರೂ ಕೂತ ಮೇಲೆ ತಾನು ತಲೆ ತಗ್ಗಿಸಿ ಕಟಕಟೆಯಲ್ಲೇ ಉಳಿಯುತ್ತಿದ್ದ.

ಆ ಬೇಸಿಗೆಯ ಪ್ರಭುಭೋಜನದ ದಿನಗಳಲ್ಲಿ ನಮ್ಮ ಮನೆ ಸಂತೆಯಾಗಿತ್ತು. ಗುರುವಾರ ಉಪವಾಸ, ಸೋಮವಾರ ಸ್ತೋತ್ರ, ನಡುವೆ ದಿನಕ್ಕೆರಡು ಸಲ ಪೀಠದಿಂದ ಪ್ರಸಂಗ. ಬೇರೆ ಬೇರೆ ಹಳ್ಳಿಗಳಿಂದ ನಡೆದುಬಂದ ನೆಂಟರು ಬೆಂಚಿನ ಮೇಲೆ, ಕೊಟ್ಟಿಗೆಯ ಹುಲ್ಲಿನ ಮೇಲೆ, ಎಲ್ಲೆಂದರಲ್ಲಿ ಮಲಗಿದ್ದರು. ನನಗೆ ಕುರಿಮಾಂಸ ಬೇಯಿಸಿ, ಉಪ್ಪು ಹಾಕಿದ ಹೆರಿಂಗ್ ಮೀನು ತೊಳೆದು, ಬಾರ್ಲಿ ರೊಟ್ಟಿ ಸುಟ್ಟು ಕೈ ಬಿದ್ದುಹೋಗಿತ್ತು. ಸಹಾಯಕ್ಕೆ ಬಂದವಳು ಗೊರ್ಮಲ್.

ಗೊರ್ಮಲ್ ನಮ್ಮ ಕೆಳಗಿನ ಮನೆಯವಳು. ಹೆರಿಂಗ್ ಸೀಳುವ ಹೆಂಗಸರ ಗುಂಪಿನಲ್ಲಿ ಬಂದರಿನಿಂದ ಬಂದರಿಗೆ ಹೋಗುತ್ತಿದ್ದವಳು, ಕೈಯೂ ಚುರುಕು, ಬಾಯಿಯೂ ಚುರುಕು. ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ, ಚಳಿಗಾಲದಲ್ಲಿ ಅವಳ ಗಂಡ ಆಲಸ್ಟರ್ ಹೋದ ದೋಣಿ ತಿರುಗಿ ಬರಲಿಲ್ಲ. ಆಮೇಲೆ ಆ ಹುಡುಗಿ ಮಾತೇ ನಿಲ್ಲಿಸಿಬಿಟ್ಟಳು. ದಡದಲ್ಲಿ ಕೂತು ನೀರು ನೋಡುತ್ತಿದ್ದಳು. ವಸಂತದಲ್ಲಿ ಅದು ಹೇಗೆ ತಿರುಗಿತೋ ಗೊತ್ತಿಲ್ಲ, ಒಂದು ಬೆಳಿಗ್ಗೆ ನನ್ನ ಅಡಿಗೆಮನೆಗೆ ಬಂದು, "ಎಫಕ್ಕಾ, ನಾನು ದೇವರ ಜೊತೆ ಜಗಳ ಆಡಿ ಆಡಿ ಸೋತೆ. ಸೋತ ಮೇಲೆ ನೋಡಿದ್ರೆ ಅವನು ನನ್ನನ್ನ ಹಿಡ್ಕೊಂಡೇ ಇದ್ದ," ಅಂದಳು. ಅಷ್ಟೇ ಅಂದದ್ದು. ನಾನೂ ಕೆದಕಲಿಲ್ಲ, ಒಂದು ಲೋಟ ಚಹಾ ಕೊಟ್ಟೆ.

ಈ ಸಲ ಮೇಜಿಗೆ ಹೋಗಬೇಕು ಅಂತ ಅವಳು ಮನಸ್ಸು ಮಾಡಿದ್ದಳು. ಹೋಗಬೇಕಾದರೆ ಮೊದಲು ಹಿರಿಯರ ಮುಂದೆ ನಿಲ್ಲಬೇಕು. ಅವರು ಪ್ರಶ್ನೆ ಕೇಳಿ, ಒಪ್ಪಿಗೆಯಾದರೆ ಒಂದು ಸೀಸದ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಇದ್ದವರಿಗೆ ಮಾತ್ರ ಮೇಜು.

ಶುಕ್ರವಾರ ಪ್ರಶ್ನೆಯ ದಿನ. ಅವತ್ತು ನಮ್ಮ ಪಾದ್ರಿ ಅಯ್ಯನವರ ಪ್ರಸಂಗ ಇಲ್ಲ, ಗಂಡಸರೇ ಒಬ್ಬರಾದ ಮೇಲೊಬ್ಬರು ಎದ್ದು ನಿಜವಾದ ವಿಶ್ವಾಸಿಯ ಗುರುತುಗಳೇನು ಅಂತ ಮಾತಾಡುತ್ತಾರೆ. ನಮ್ಮ ಸಭೆಯ ಹಿರಿಯರಲ್ಲಿ ಹಿರಿಯ ಐವರ್ ಎದ್ದ. ಈ ಐವರ್ ಒಂದು ಕಾಲದಲ್ಲಿ ನನ್ನನ್ನು ಕೇಳಿಕೊಂಡು ಬಂದಿದ್ದ, ಬೇಡಪ್ಪಾ ಅಂದಿದ್ದೆ. ಈಗಲೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಎರಡನೇ ಸಲ ಬಡಿಸಿಕೊಳ್ಳದೆ ಏಳುವವನಲ್ಲ. ಒಳ್ಳೆಯವನೇ, ಆದರೆ ಹಲಗೆ ಹಾಗೆ ನೆಟ್ಟಗೆ. ಅವನು ಗಡ್ಡ ಸವರಿಕೊಂಡು, "ದೇವಭಯ ಅಂದ್ರೆ ಏನು ಅಂತ ಕೇಳಿದ್ರಿ. ದೂರ ಹೋಗೋದು ಬೇಡ. ಈ ಪೀಠದ ಕೆಳಗೇ ಒಬ್ಬ ಇದ್ದಾನೆ. ಕೀರ್ತನೆಗಳೆಲ್ಲ ಬಾಯಿಪಾಠ, ಆದ್ರೂ ರೊಟ್ಟಿಗೆ ಕೈ ಚಾಚೋಕೆ ನಡುಗ್ತಾನೆ. ಇದಪ್ಪಾ ಭಯ!" ಅಂದ.

ಸಭೆಯೆಲ್ಲ ನಿಟ್ಟುಸಿರು ಬಿಟ್ಟಿತು. ಟೊರ್ಕಿಲ್ ತನ್ನ ಬೂಟು ನೋಡಿಕೊಂಡು ಕೂತ. ಆದರೆ ನಾನು ಅವನ ಕಿವಿ ನೋಡುತ್ತಿದ್ದೆ. ಚಿಕ್ಕವನಿದ್ದಾಗಿನಿಂದಲೂ ಯಾರಾದರೂ ಹೊಗಳಿದರೆ ಅವನ ಕಿವಿ ಕೆಂಪಗಾಗುತ್ತದೆ. ಅವತ್ತು ಎರಡೂ ಕಿವಿ ಕೆಂಡದ ಹಾಗಿದ್ದವು. ನನಗೆ ಮೈ ಉರಿದುಹೋಯಿತು, ಗುಡಿಯೊಳಗೆ ಇದ್ದೇನಲ್ಲ ಅಂತ ಸುಮ್ಮನಾದೆ.

ಶನಿವಾರ ಮಧ್ಯಾಹ್ನ ಗೊರ್ಮಲ್ ಹಿರಿಯರ ಮುಂದೆ ಹೋದಳು. ಬೇಗನೆ ವಾಪಸ್ ಬಂದಳು. ಬಂದವಳೇ ಏಪ್ರನ್ ಕಟ್ಟಿಕೊಂಡು ಸಬ್ಬತ್ತಿನ ಆಲೂಗಡ್ಡೆ ಸುಲಿಯಲು ಕೂತಳು. ಸಬ್ಬತ್ತಿನಲ್ಲಿ ಚಾಕು ಮುಟ್ಟುವ ಹಾಗಿಲ್ಲ, ಎಲ್ಲ ಶನಿವಾರವೇ ಆಗಬೇಕು.

"ಏನಾಯ್ತೇ?" ಅಂದೆ.

"ಆಗ್ಲಿಲ್ಲ ಅಕ್ಕಾ. ಮುಂದಿನ ಸಲ ನೋಡೋಣ ಅಂದ್ರು."

"ಯಾಕಂತೆ?"

"ನಕ್ಕುಬಿಟ್ಟೆ."

"ಅಯ್ಯೋ ನಿನ್ನ! ಹಿರಿಯರ ಮುಂದೆ ನಕ್ಕೆಯಾ?"

"ಬೇಕಂತ ನಗ್ಲಿಲ್ಲ. ಐವರ್ ಮಾವ ಕೇಳಿದ್ರು, ನಿನ್ನೊಳಗೆ ನಿನಗೆ ಏನು ಕಾಣುತ್ತೆ ಅಂತ. ನಾನು ಅದನ್ನೆಲ್ಲ ಹೇಳಿದ್ರೆ ನೀವು ಕಿಟಕಿಯಿಂದ ಹಾರಿ ಓಡ್ತೀರಿ ಮಾವಾ, ಆದ್ರೆ ಅದೆಲ್ಲ ಗೊತ್ತಿದ್ದೂ ದೇವರು ಕರೀತಿದ್ದಾನಲ್ಲ ಅಂದೆ. ಅನ್ನೋವಾಗ ನಗು ಬಂತು. ತಡೆಯೋಕಾಗ್ಲಿಲ್ಲ." ಅವಳ ಕೈ ನಿಂತಿತು. "ಆಗ ಐವರ್ ಮಾವ ಹೇಳಿದ್ರು, ನಿನಗೆ ಭಯ ಸಾಲ್ದು ಮಗಳೇ. ಟೊರ್ಕಿಲ್‌ನ ನೋಡು, ಅಂಥ ಮನುಷ್ಯನೇ ಹೊರಗೆ ಕೂತಿರೋವಾಗ ನೀನು ಮೊನ್ನೆ ಮೊನ್ನೆ ಬಂದವಳು ನಕ್ಕೊಂಡು ಒಳಗೆ ಹೋಗ್ತೀಯಾ ಅಂತ. ಅದೂ ನಿಜಾನೇ ಅಲ್ವಾ? ಅವರಿಗಿಂತ ನಾನು ದೊಡ್ಡವಳಾ?"

ಆಲಸ್ಟರ್ ಹೋದ ಮೇಲೆ ಆ ಹುಡುಗಿ ನಕ್ಕದ್ದು ಅದೇ ಮೊದಲು. ಆ ನಗುವನ್ನು ಅವರು ತಕ್ಕಡಿಗೆ ಹಾಕಿ ತೂಕ ಕಡಿಮೆ ಅಂತ ಹೇಳಿ ಕಳಿಸಿದ್ದರು. ಮುಂದಿನ ಸಲವಂತೆ! ಹೀಗೆ ಬಾಗಿಲಿಂದ ತಿರುಗಿಹೋದವರು ಎಷ್ಟು ಜನರನ್ನು ನೋಡಿಲ್ಲ ನಾನು? ಒಬ್ಬರೂ ಎರಡನೇ ಸಲ ಬಂದು ಬಾಗಿಲು ತಟ್ಟಿದವರಲ್ಲ. ಹಿಂದಿನ ಬೆಂಚಿಗೆ ಹೋಗಿ ಕೂತವರು ಅಲ್ಲೇ ಮುದುಕರಾದರು. ಇವಳೂ ಹಾಗೇ ಆಗುತ್ತಾಳೆ, ಆ ನಗುವೂ ಒಣಗಿಹೋಗುತ್ತದೆ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಬಿಟ್ಟಿದ್ದರು.

"ನೀನು ಆಲೂಗಡ್ಡೆ ಸುಲೀತಿರು," ಅಂದವಳೇ ಟೊರ್ಕಿಲ್ ಬಟ್ಟೆ ನೇಯುವ ಮಗ್ಗದ ಕೊಟ್ಟಿಗೆಗೆ ನುಗ್ಗಿದೆ.

ಟೊರ್ಕಿಲ್ ಮಗ್ಗದ ಪಕ್ಕ ಕೂತು ನಾಳೆಯ ಕೀರ್ತನೆಯನ್ನು ಮೆಲ್ಲಗೆ ಗುನುಗುತ್ತಿದ್ದ. ನಾನು ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು, "ಕಾಯಲಿ ಬಿಡು ಅಕ್ಕಾ. ಕಾಯೋದ್ರಿಂದ ಯಾರೂ ಕೆಟ್ಟಿಲ್ಲ. ನಾನು ಜೀವಮಾನವಿಡೀ ಕಾದಿಲ್ವಾ?" ಅಂದ.

"ನೀನೆಲ್ಲೋ ಕಾದಿದ್ದೀಯ? ನೀನು ಕೂತಿದ್ದೀಯ. ಕಾಯೋನು ಬಾಗಿಲ ಕಡೆ ನೋಡ್ತಿರ್ತಾನೆ. ನೀನು ಊರು ನಿನ್ನ ಕಡೆ ನೋಡ್ತಿದೆಯಾ ಅಂತ ನೋಡ್ತಿದ್ದೀಯ."

"ಅಕ್ಕಾ!"

"ಏನೋ ಅಕ್ಕಾ? ನಿನ್ನೆ ಐವರ್ ನಿನ್ನ ಹೊಗಳಿದಾಗ ಕಿವಿ ಕೆಂಪಗಾಗಿತ್ತಲ್ಲೋ! ನನಗೆ ಕಾಣಲ್ವಾ? ಈ ಕಿವಿ ಹಿಂಡಿ ಬೆಳೆಸಿದೋಳು ನಾನು."

ಅವನು ಎದ್ದು ನಿಂತ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. "ನನಗೆ ಭಯ ಇಲ್ಲ ಅಂತೀಯಾ? ಆ ಬಿಳಿ ಬಟ್ಟೆ ಹಾಸಿದ ಕೂಡ್ಲೇ ನನ್ನ ಎದೆ ಹೇಗೆ ಹೊಡ್ಕೊಳ್ಳುತ್ತೆ ಅಂತ ನಿನಗೇನು ಗೊತ್ತು? ನಾನು ಮೇಜಿಗೆ ಕೂತು ಮಾರನೇ ದಿನ ಜಾರಿ ಬಿದ್ರೆ? ದೇವರ ಹೆಸರಿಗೆ ಮಸಿ ಬಳಿದ ಹಾಗಾಗಲ್ವಾ?"

"ಅವನ ಹೆಸರಿಗೋ, ನಿನ್ನ ಹೆಸರಿಗೋ?"

ಅವನು ಮಗ್ಗದ ಕಡೆ ಮುಖ ತಿರುಗಿಸಿದ. ನಾನೂ ಸ್ವಲ್ಪ ತಣ್ಣಗಾದೆ. "ನಿನ್ನ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ ಕಣೋ. ಅದು ನಿನಗೂ ದೇವರಿಗೂ ಬಿಟ್ಟಿದ್ದು. ಆದ್ರೆ ಇವತ್ತು ಆ ಹುಡುಗಿ ಮುಖಕ್ಕೆ ಬಾಗಿಲು ಹಾಕಿದ್ರಲ್ಲ, ಆ ಬಾಗಿಲಿಗೆ ಅಗುಳಿ ನೀನೇ. ಅಷ್ಟು ನನಗೆ ಗೊತ್ತು," ಅಂದೆ.

ಅವನು ಮಗ್ಗದಲ್ಲಿ ಸಡಿಲಾಗಿದ್ದ ಒಂದು ಎಳೆಯನ್ನು ಬಿಗಿದು ಕಟ್ಟಿದ. ಆಮೇಲೆ, "ನಿಜವಾಗ್ಲೂ ನಕ್ಕಳಾ?" ಅಂತ ಕೇಳಿದ.

"ನಕ್ಕಳಂತೆ."

"ಅವನು ಕರೀತಿದ್ದಾನೆ ಅನ್ನೋ ಮಾತು ಯೋಚನೆ ಮಾಡಿ ನಾನು ಒಂದು ಸಲವೂ ನಕ್ಕಿಲ್ಲ ಅಕ್ಕಾ," ಅಂದ. ಗೂಟದಿಂದ ಟೋಪಿ ತೆಗೆದುಕೊಂಡು ಹೊರಟೇಬಿಟ್ಟ.

ಸಂಜೆ ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಇನ್ನೊಮ್ಮೆ ಕೂರುತ್ತಾರೆ, ತಡವಾಗಿ ಬಂದವರಿಗೆ ಅಂತ. ಬೇಸಿಗೆಯಾದ್ದರಿಂದ ಇನ್ನೂ ಒಳ್ಳೆ ಬೆಳಕಿತ್ತು. ನಾನು ಗೊರ್ಮಲ್‌ನ ಕೈ ಹಿಡಿದು ಎಳೆದುಕೊಂಡು ಹೋಗಿ ಗುಡಿಯ ಹಿಂದಿನ ಕಲ್ಲುಗೋಡೆಯ ಮೇಲೆ ಕೂತೆ. "ಇಲ್ಲಿ ಕೂರೋದು ಸರೀನಾ ಅಕ್ಕಾ?" ಅಂದಳು. "ಸುಮ್ನಿರೇ, ಗಾಳಿ ತಗೊಳ್ತಿದ್ದೀವಿ," ಅಂದೆ. ಹಿರಿಯರ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಅದು ನನ್ನ ತಪ್ಪೇ?

ಟೊರ್ಕಿಲ್ ಒಳಗೆ ಹೋದ ಕೂಡಲೇ ಕುರ್ಚಿಗಳೆಲ್ಲ ಸರಿದ ಸದ್ದಾಯಿತು. ಎಲ್ಲರೂ ಎದ್ದು ನಿಂತಿದ್ದರು! ಐವರ್‌ನ ದನಿ ಕೇಳಿಸಿತು. "ಬಂದೆಯಾ ಟೊರ್ಕಿಲ್? ಬಂದೆಯಪ್ಪಾ! ಈ ದಿನ ನೋಡೋಕೆ ನನ್ನನ್ನ ದೇವರು ಉಳಿಸಿದ್ದ. ಅಯ್ಯನವರೇ, ಬಿಲ್ಲೆ ಕೊಡಿ. ಇವನನ್ನ ಕೇಳೋಕೆ ನಾವು ಯಾರು?"

"ಕೂತ್ಕೊಳ್ಳಿ," ಅಂದ ಟೊರ್ಕಿಲ್. "ಎಲ್ಲರೂ ಕೂತ್ಕೊಳ್ಳಿ. ನಾನು ನಿಂತಿರ್ತೀನಿ. ಮಧ್ಯಾಹ್ನ ಗೊರ್ಮಲ್‌ಗೆ ಕೇಳಿದ ಪ್ರಶ್ನೇನೇ ನನಗೂ ಕೇಳಿ."

"ನಿನಗ್ಯಾಕಪ್ಪಾ..."

"ಕೇಳು ಐವರ್."

ಕೊನೆಗೆ ಅಯ್ಯನವರೇ ಕೇಳಿದರು, "ನಿನ್ನೊಳಗೆ ನಿನಗೆ ಏನು ಕಾಣುತ್ತೆ ಟೊರ್ಕಿಲ್?"

"ಜಂಬ ಕಾಣುತ್ತೆ ಅಯ್ಯನವರೇ." ಅವನ ದನಿ, ಸಭೆಯನ್ನೆಲ್ಲ ತುಂಬುವ ಆ ದನಿ, ಕಿಟಕಿಯವರೆಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ. "ಮೊದಮೊದಲು ನನಗೆ ನಿಜವಾಗ್ಲೂ ಭಯ ಇತ್ತು. ಆಮೇಲೆ ನೀವೆಲ್ಲ ಅದನ್ನ ಹೊಗಳೋಕೆ ಶುರು ಮಾಡಿದ್ರಿ. ನನಗೆ ಅದು ಹಾಲು ಕುಡಿದಷ್ಟು ಹಿತವಾಗಿತ್ತು. ಒಳಗೆ ಹೋದ್ರೆ ನಾನು ಹತ್ತರಲ್ಲಿ ಒಬ್ಬ. ಹೊರಗೆ ಕೂತ್ರೆ ನಾನೊಬ್ಬನೇ. ಅದಕ್ಕೇ ಕೂತೆ. ಆ ಹುಡುಗಿ ಕೈ ಬೀಸ್ಕೊಂಡು, ಏನೂ ಇಲ್ಲದೆ, ಕರೆದ್ರು ಅಂತ ಬಂದಳು. ನೀವು ನನ್ನನ್ನ ತೋರಿಸಿ ಅವಳನ್ನ ಕಳಿಸಿದ್ರಿ. ಅವಳು ಕಾಯ್ಬೇಕು ಅಂದ್ರೆ ನಾನೂ ಕಾಯ್ತೀನಿ. ಆದ್ರೆ ಯಾಕೆ ಅಂತ ನಾಳೆ ಪೀಠದಿಂದ ಹೇಳ್ಬೇಕು. ಅವಳಿಗೆ ಭಯ ಸಾಲದ್ದಕ್ಕಲ್ಲ, ನನಗೆ ಅದು ಒಡವೆ ಆಗಿದ್ದಕ್ಕೆ ಅಂತ."

ನನ್ನ ಕಣ್ಣಲ್ಲಿ ನೀರು ಬಂತು. ಯಾಕೆ ಮುಚ್ಚಿಡಲಿ? ಜಗಳ ಆಡಿ ಕಳಿಸಿದವಳು ನಾನೇ, ಆದರೂ ಅಷ್ಟು ಬಿಚ್ಚಿ ಹೇಳುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ನನ್ನ ತಮ್ಮನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಬಾಗಿಲು ತೆರೆಯಿತು. ಹೊರಗೆ ಬಂದವನು ಐವರ್. ನಾವು ಗೋಡೆಯ ಮೇಲೆ ಕೂತದ್ದನ್ನು ನೋಡಿದ, ಕಿಟಕಿಯನ್ನೂ ನೋಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟು ವಯಸ್ಸಾದ ಹಿರಿಯ, ಮೀನು ಸೀಳುವ ಹುಡುಗಿಯ ಮುಂದೆ ಬರಿದಲೆಯಲ್ಲಿ ನಿಂತಿದ್ದ.

"ಗೊರ್ಮಲ್, ಮಗಳೇ, ಒಳಗೆ ಬಾ. ಮಧ್ಯಾಹ್ನ ನಾನು ಕೇಳಿದ್ದು ಸರಿಯಾಗಿತ್ತು, ಕೇಳಿಸ್ಕೊಂಡಿದ್ದು ಸರಿಯಾಗಿರ್ಲಿಲ್ಲ."

"ಮತ್ತೆ ನಗು ಬಂದ್ರೆ ಮಾವಾ?"

"ಬರ್ಲಿ ಕಣಮ್ಮಾ. ಈ ಸಲ ನಾನು ಓಡಲ್ಲ."

ಆ ಸಂಜೆ ಇಬ್ಬರಿಗೂ ಬಿಲ್ಲೆ ಸಿಕ್ಕಿತು. ಬಿಲ್ಲೆ ಸಿಕ್ಕಿದರೆ ಆಯಿತೇ? ಜೇಬಿನಲ್ಲಿ ಬಿಲ್ಲೆ ಇಟ್ಟುಕೊಂಡೇ ಬೆಂಚಿನಿಂದ ಏಳಲಾಗದೆ ಉಳಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಸಬ್ಬತ್ತಿನ ದಿನ ಕಟಕಟೆಯಲ್ಲಿ ಟೊರ್ಕಿಲ್ ಇರಲಿಲ್ಲ. ಅಲ್ಲಿ ರೋರಿ ಕೂತಿದ್ದ, ಒಳ್ಳೆ ಮನುಷ್ಯ, ಕಡಲಕಾಗೆಯ ದನಿ. ಟೊರ್ಕಿಲ್ ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ, ಬಾಗಿಲ ಹತ್ತಿರ ಕೂತಿದ್ದ. ಜನ ತಿರುಗಿ ತಿರುಗಿ ನೋಡಿ ಪಿಸುಗುಟ್ಟಿದರು. ಅಯ್ಯನವರು ಯಾರು ಮೇಜಿಗೆ ಬರಬಾರದು ಅಂತ ಎಂದಿನ ಹಾಗೆ ಮಾತಿನ ಬೇಲಿ ಕಟ್ಟಿದರು, ಒಂದೊಂದೇ ಪಾಪದ ಹೆಸರು ಹೇಳಿದರು. ಆದರೆ ಆ ದಿನ ಒಂದು ಮಾತು ಸೇರಿಸಿದರು. "ತನ್ನ ಅಯೋಗ್ಯತೆಯನ್ನೇ ಯೋಗ್ಯತೆ ಮಾಡ್ಕೊಂಡವನು ಅದನ್ನ ಬೆಂಚಿನ ಮೇಲೆ ಬಿಟ್ಟು ಬರಲಿ," ಅಂದರು. ಆಮೇಲೆ ಕರೆದರು.

ರೋರಿ ಸಾಲು ಎತ್ತಿದ. ಅಯ್ಯೋ ದೇವರೇ, ಎಷ್ಟು ಮೇಲೆ ಎತ್ತಿದನೆಂದರೆ ಅರ್ಧ ಸಭೆಗೆ ದನಿಯೇ ಹೊರಡಲಿಲ್ಲ. ನಾವು ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿಗೆ ಬಂದು ಕೂತೆವು. ಗೊರ್ಮಲ್ ಕಪ್ಪು ಶಾಲು ಹೊದ್ದು ನೆಟ್ಟಗೆ ನಡೆದು ಬಂದಳು, ಬಿಲ್ಲೆ ಐವರ್‌ನ ಕೈಗಿಟ್ಟು ಮೇಜಿನ ತುದಿಯ ಹತ್ತಿರ ಕೂತಳು. ಅವಳ ಪಕ್ಕ ಒಂದು ಜಾಗ ಖಾಲಿ ಇತ್ತು.

ಟೊರ್ಕಿಲ್ ಬರಲಿಲ್ಲ. ರೋರಿ ಒಂದು ಪದ್ಯ ಮುಗಿಸಿ ಇನ್ನೊಂದಕ್ಕೆ ಹೋದ. ಮೇಜಿಗೆ ಕೂತವರು ತಲೆ ತಿರುಗಿಸುವ ಹಾಗಿಲ್ಲ. ನಾನು ಬಿಳಿ ಬಟ್ಟೆ ನೋಡುತ್ತಾ, ಏಳೋ, ಏಳೋ ನನ್ನಪ್ಪಾ ಅಂತ ಒಳಗೊಳಗೇ ಬೇಡಿಕೊಂಡೆ. ರೋರಿಯ ದನಿ ಒಡೆಯಿತು, ಕೆಮ್ಮಿದ, ಮತ್ತೆ ಎತ್ತಿದ. ಕೊನೆಯ ಪದ್ಯ ಬಂತು. ಹಾಡಿನಲ್ಲಿ ಎಂದೂ ದನಿ ಏರಿಸದ ಐವರ್, ಪಾಪ, ತಾನೂ ರಾಗ ಎಳೆದೆಳೆದು ಹಾಡುತ್ತಿದ್ದ, ಸಮಯ ಸಿಗಲಿ ಅಂತ.

ಆಗ ಹಿಂದಿನಿಂದ ಬೂಟಿನ ಸದ್ದು ಕೇಳಿಸಿತು. ನಿಧಾನವಾಗಿ, ಹೊರೆ ಹೊತ್ತವನ ನಡಿಗೆಯ ಹಾಗೆ, ಆ ಸದ್ದು ಇಡೀ ನಡುದಾರಿಯನ್ನು ದಾಟಿ ಬಂತು. ಟೊರ್ಕಿಲ್ ಗೊರ್ಮಲ್‌ನ ಪಕ್ಕದ ಜಾಗದಲ್ಲಿ, ಮೇಜಿನ ಕೊಟ್ಟಕೊನೆಯಲ್ಲಿ ಕೂತ.

ಅವನು ನಡುಗಿದ್ದನ್ನು ಎಲ್ಲರೂ ನೋಡಿದರು. ರೊಟ್ಟಿಯ ತಟ್ಟೆ ಅವನ ಹತ್ತಿರ ಬಂದಾಗ ಬೆರಳು ನಿಲ್ಲಲಿಲ್ಲ. ದ್ರಾಕ್ಷಾರಸದ ಪಾತ್ರೆ ಬಂದಾಗ ಎರಡು ಕೈಯಲ್ಲಿ ಹಿಡಿದರೂ ಅದು ಅಲುಗಾಡಿತು, ಚೆಲ್ಲಿಯೇಹೋಗುತ್ತದೆ ಅಂದುಕೊಂಡೆ. ಗೊರ್ಮಲ್ ತನ್ನ ಕೈಯನ್ನು ಪಾತ್ರೆಯ ಕೆಳಗೆ ಕೊಟ್ಟಳು. ಚಾಕುವಿನ ಗಾಯದ ಕಲೆಗಳು ತುಂಬಿದ ಆ ಕೈ ಕಲ್ಲಿನಷ್ಟು ಗಟ್ಟಿಯಾಗಿತ್ತು. ಅವನು ಕುಡಿದ.

ಗುಡಿಯಿಂದ ಮನೆಗೆ ನಾವು ಮೂವರೇ ನಡೆದೆವು, ನಾನು, ಟೊರ್ಕಿಲ್, ಊಟಕ್ಕೆ ಅಂತ ಜೊತೆಗೆ ಬಂದ ಐವರ್. ಗೊರ್ಮಲ್ ಮುಂದೆ ಹೋಗಿದ್ದಳು, ತಣ್ಣಗಿನ ಮಾಂಸ ಬಡಿಸಿಡಲು. ಅರ್ಧ ದಾರಿಗೆ ಬರುವಷ್ಟರಲ್ಲಿ ಐವರ್‌ಗೆ ತಡೆಯಲಾಗಲಿಲ್ಲ.

"ಅಂತೂ ಆ ಭಯ ಬಿಡ್ತಲ್ಲ ಟೊರ್ಕಿಲ್," ಅಂದ.

ಟೊರ್ಕಿಲ್ ರಸ್ತೆಯಲ್ಲೇ ನಿಂತುಬಿಟ್ಟ. ಇನ್ನೂ ಅವನ ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಮಳೆ ನಿಂತ ಬೆಳಗಿನ ಹಾಗೆ ತಿಳಿಯಾಗಿತ್ತು. "ಬಿಡೋದಾ? ಏನು ಮಾತು ಅಂತ ಆಡ್ತೀಯ ಐವರ್! ಇಷ್ಟು ವರ್ಷ ಅಷ್ಟು ದೂರದಲ್ಲಿ ಕೂತಿದ್ದೆ, ಅಲ್ಲಿಂದ ನನಗೆ ನಾನೇ ಕಾಣ್ತಿದ್ದೆ. ಇವತ್ತು ಹತ್ತಿರ ಹೋದೆ, ಅವನು ಎಷ್ಟು ಒಳ್ಳೆಯವನು ಅಂತ ನೋಡಿದೆ. ನನಗೆ ದೇವರ ಭಯ ಶುರುವಾಗಿದ್ದೇ ಇವತ್ತು."

ಹಾಗೆಂದವನೇ ಮುಂದೆ ನಡೆದ. ಐವರ್ ನನ್ನ ಮುಖ ನೋಡಿದ. ಅವನು ಆ ಮೇಜಿಗೆ ಎಷ್ಟೋ ವರ್ಷದಿಂದ ಕೂತವನು. ನಾನೂ ಅಷ್ಟೇ, ಕೈ ಒಂದು ದಿನವೂ ನಡುಗಿದ್ದಿಲ್ಲ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಅವನ ಹಿಂದೆ ಹೋದೆವು.